ಅಕ್ಕ ತಮ್ಮನ ನಡುವೆ ಒಂದು ಅಗ್ಗದ ಟ್ಯಾಬ್

ನಾನು ಅವರ ಮನೆ ಮುಟ್ಟುವ ಹೊತ್ತಿಗೆ ಹುಡುಗಿ ಕಟ್ಟೆಯ ಮೇಲೆ ಕೂತು, ಹೊಸ ಟ್ಯಾಬ್‌ನ ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದುಕೊಂಡಿದ್ದಳು. ಮೂರು ಸೆಕೆಂಡ್ ಸಾಕು, ಅದೇ ಮಾತಾಡೋಕೆ ಶುರು ಮಾಡುತ್ತೆ ಅಂತ ಫೋನಿನಲ್ಲಿ ಹೇಳಿದ್ದವನು ನಾನೇ. ಅವಳು ಎಷ್ಟು ಸಲ ಒತ್ತಿದ್ದಳೋ ಏನೋ, ಹೆಬ್ಬೆರಳಿನ ತುದಿಯಲ್ಲಿ ಬಟನ್ನಿನ ಅಚ್ಚು ಮೂಡಿತ್ತು.

"ಸರ್, ಇದು ಏನೂ ಮಾತಾಡವಲ್ದು. ನಂದ ತಪ್ಪೇನ್ರೀ?"

ಅವಳದೇನೂ ತಪ್ಪಿರಲಿಲ್ಲ. ಆ ಟ್ಯಾಬ್‌ನಲ್ಲಿ ಮಾತಾಡುವ ಸಾಫ್ಟ್‌ವೇರ್ ಹಾಕಿಯೇ ಇರಲಿಲ್ಲ. ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿ ಅನ್ನುವ ಪುಟಕ್ಕೆ ಹೋದೆ. ಅಕ್ಷರ ದೊಡ್ಡದು ಮಾಡುವ ಒಂದು ಸಾಲು, ಬಣ್ಣ ತಿರುಗಿಸುವ ಒಂದು ಸಾಲು, ಅಷ್ಟೇ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇರಬೇಕಾದ ಜಾಗ ಖಾಲಿ.

ಈ ಮನೆ ಕೊಪ್ಪಳದಿಂದ ಕುಷ್ಟಗಿ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿದೆ. ನಾನು ಕೊಪ್ಪಳದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಕಣ್ಣು ಕಾಣದ ಮಕ್ಕಳಿಗೆ ಫೋನು, ಟ್ಯಾಬ್ ಬಳಸುವುದನ್ನು ಹೇಳಿಕೊಡುವುದೂ ಕೆಲವು ವರ್ಷಗಳಿಂದ ನನ್ನ ಕೆಲಸವಾಗಿದೆ. ಮಕ್ಕಳ ಹೆಸರು ಬೇಡ, ಅಕ್ಕ, ತಮ್ಮ ಅಂತಲೇ ಬರೆಯುತ್ತೇನೆ. ಅಕ್ಕ ಆಗ ತಾನೇ ಎರಡನೇ ಪಿಯುಸಿಗೆ ಬಂದಿದ್ದಳು, ಕಲಾ ವಿಭಾಗ. ತಮ್ಮ ಒಂಬತ್ತನೇ ತರಗತಿ. ಅಪ್ಪ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಅವ್ವ ಹತ್ತಿ ಬೀಜೋತ್ಪಾದನೆಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾರೆ. ಇವತ್ತು ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ನಾಳೆ ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗ ಮುಟ್ಟಿಸಬೇಕು. ಕಣ್ಣು ಸೂಕ್ಷ್ಮ ಇರಬೇಕಾದ ಕೆಲಸ ಅದು. ಮಕ್ಕಳ ಬಗ್ಗೆ ಮಾತಾಡುವಾಗ ಆ ತಾಯಿ ತಮ್ಮ ಕಣ್ಣನ್ನೇ ಒಂದು ಸಲ ಮುಟ್ಟಿಕೊಳ್ಳುತ್ತಾರೆ.

ಇಬ್ಬರು ಮಕ್ಕಳಿಗೂ ಒಂದೇ ತೊಂದರೆ. ರೆಟಿನೈಟಿಸ್ ಪಿಗ್ಮೆಂಟೋಸ, ಡಾಕ್ಟರುಗಳು ಚಿಕ್ಕದಾಗಿ ಆರ್‌ಪಿ ಅನ್ನುತ್ತಾರೆ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಮೊದಲು ಇರುಳು ಕುರುಡು. ಸಂಜೆಯಾದರೆ ಎಡವುತ್ತಾರೆ, ಬೆಳಕಿನಿಂದ ಒಳಗೆ ಬಂದರೆ ತಡಕಾಡುತ್ತಾರೆ. ಆಮೇಲೆ ಅಂಚಿನ ನೋಟ ಹೋಗುತ್ತಾ ಹೋಗುತ್ತಾ ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದಷ್ಟೇ ಉಳಿಯುತ್ತದೆ. ಕೊನೆಗೆ ಎಷ್ಟೋ ಜನರಿಗೆ ಅದೂ ಹೋಗುತ್ತದೆ. ಅಪ್ಪ ಅವ್ವ ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಜಾಸ್ತಿ, ಈ ಮನೆಯದೂ ಅಂಥದ್ದೇ ಸಂಬಂಧ. ಇದನ್ನು ಆ ತಾಯಿಯ ಮುಂದೆ ಹೇಳುವಾಗ ತುಂಬಾ ಜಾಗ್ರತೆ ಬೇಕು. ಯಾರೋ ಆಸ್ಪತ್ರೆಯ ವರಾಂಡದಲ್ಲಿ ನಿಂತು "ನೀವ ಮಾಡ್ಕೊಂಡಿದ್ದು" ಅಂದುಬಿಟ್ಟಿದ್ದರಂತೆ. ಹದಿನಾರು ವಯಸ್ಸಿಗೆ ಮದುವೆ ಮಾಡಿಕೊಟ್ಟ ಹುಡುಗಿ ಏನು ಮಾಡಿಕೊಂಡಾಳು?

ಅಕ್ಕನಿಗೆ ಈಗ ಬೆಳಕು ಕತ್ತಲೆಯ ಗುರುತು ಬಿಟ್ಟರೆ ಬೇರೇನೂ ಇಲ್ಲ. ಎಂಟನೇ ತರಗತಿಯವರೆಗೆ ಪುಸ್ತಕ ಓದಿದವಳು. ಬ್ರೈಲ್ ಕಲಿಯುವ ಅವಕಾಶ ಸಿಗಲಿಲ್ಲ. ತಮ್ಮನಿಗೆ ನಡುವಿನ ನೋಟ ಇನ್ನೂ ಚೆನ್ನಾಗಿದೆ, ಸುತ್ತಲಿನದು ಕುಗ್ಗುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ, 40ರಿಂದ 10 ಡಿಗ್ರಿಯೊಳಗಿದ್ದರೆ ಮಂದದೃಷ್ಟಿ. ಹಾಗಾಗಿ ಒಂದೇ ಕಾಯಿಲೆಗೆ ಒಂದೇ ಮನೆಯಲ್ಲಿ ಎರಡು ಬಗೆಯ ಕಾರ್ಡು.

ನಮ್ಮ ಭಾಗದಲ್ಲಿ ಮಗುವಿಗೆ ಕಣ್ಣಿಲ್ಲ ಅಂದ ಕೂಡಲೇ ಬಾಯಿಗೆ ಬರುವ ಊರು ಗದಗ. ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟು ಮನೆಗಳ ದಾರಿಯಾದರು ಅನ್ನುವುದು ಇಲ್ಲಿಯವರಿಗೆ ಗೊತ್ತು. ಅಪ್ಪನೂ ಅಲ್ಲಿಗೇ ಸೇರಿಸೋಣ ಅಂತಿದ್ದರು. ಹುಡುಗಿ, "ನಂಗ ಹಾಡಾಕ ಬರಂಗಿಲ್ಲಪ್ಪ. ನಾ ಇತಿಹಾಸದ ಟೀಚರ್ ಆಗ್ತೀನಿ" ಅಂದಳು. ಅಪ್ಪ ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡು ಟ್ಯಾಬ್ ತಂದದ್ದು ಆ ಮಾತಿಗೆ.

ಫೋನ್ ಯಾಕೆ ತರಲಿಲ್ಲ ಅಂತ ಯಾರಾದರೂ ಕೇಳಬಹುದು. ತಮ್ಮನಿಗೂ ಓದಲು ಬರಬೇಕು, ಎರಡು ಸಾಮಾನು ತರಲು ದುಡ್ಡಿಲ್ಲ. 7,499 ರೂಪಾಯಿ, 8 ಇಂಚಿನ ಪರದೆ, 2 ಜಿಬಿ ರ‍್ಯಾಮ್. ಡಬ್ಬಿಯ ಮೇಲೆ ಬ್ಯಾಟರಿ, ಕ್ಯಾಮೆರಾ, ಸಿಮ್ ಎಲ್ಲದರ ವಿವರ ಇತ್ತು. ಕಣ್ಣು ಕಾಣದವರು ಬಳಸಬಹುದೋ ಇಲ್ಲವೋ ಅನ್ನುವ ಒಂದು ಸಾಲು ಇರಲಿಲ್ಲ. ಅಂಗಡಿಯವನನ್ನು ಅಪ್ಪ ಕೇಳಿದ್ದಾರೆ. "ಎಲ್ಲಾ ಆಂಡ್ರಾಯ್ಡ್ ಒಂದ ರೀ, ಎಲ್ಲಾದ್ರಾಗೂ ಇರ್ತದ" ಅಂತ ಅವನು ಹೇಳಿದ್ದಾನೆ. ಅವನು ಸುಳ್ಳು ಹೇಳಿದ ಅಂತ ನಾನು ಹೇಳುವುದಿಲ್ಲ, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ಮಾಮೂಲಾಗಿ ಗೂಗಲ್‌ನ ಆಂಡ್ರಾಯ್ಡ್ ಆಕ್ಸೆಸಿಬಿಲಿಟಿ ಸೂಟ್ ಅನ್ನುವ ಆಪ್ ಒಳಗೇ ಇರುತ್ತದೆ, ಟಾಕ್‌ಬ್ಯಾಕ್ ಅದರೊಳಗಿನ ಭಾಗ. ಇದರಲ್ಲಿ ಆ ಆಪ್ ಬಿಟ್ಟಿದ್ದರು. ಅದರ ಜಾಗದಲ್ಲಿ ಎರಡು ಆಟ, ಒಂದು ಸುದ್ದಿಯ ಆಪ್ ಇತ್ತು.

ಪ್ಲೇ ಸ್ಟೋರ್ ಇದ್ದುದರಿಂದ ಬದುಕಿಕೊಂಡೆವು. ಆದರೆ ಆ ಆಪ್ ಇಳಿಸುವುದಕ್ಕೆ ಮುಂಚೆ ಗೂಗಲ್ ಖಾತೆ ಬೇಕು, ಖಾತೆಗೆ ಒಟಿಪಿ ಬೇಕು, ಒಟಿಪಿ ಹೋಗಿದ್ದು ಗಂಗಾವತಿಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪನ ಫೋನಿಗೆ. ಮೂರನೇ ಸಲಕ್ಕೆ ಅವರು ಫೋನ್ ಎತ್ತಿದರು. ಅವರು ಅಂಕಿಗಳನ್ನು ಓದಿ ಹೇಳಿದರು, ಹುಡುಗ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹಿಡಿದು ಹೊಡೆದ, ಹಾಟ್‌ಸ್ಪಾಟ್ ನನ್ನದು. ಟ್ಯಾಬ್ ಮೊದಲ ಸಲ ಮಾತಾಡಿದ್ದು ರಾತ್ರಿ ಎಂಟು ಗಂಟೆಗೆ. ಅಷ್ಟು ಹೊತ್ತೂ ಅದರ ಒಡತಿ ಪಕ್ಕದಲ್ಲಿ ಸುಮ್ನೆ ಕೂತಿದ್ದಳು. ಅವಳ ಟ್ಯಾಬ್ ಅವಳದಾಗಲು ಕಣ್ಣಿದ್ದ ಮೂವರು ಬೇಕಾಯಿತು.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಸರ್ಕಾರದ ಅಗ್ಗದ ಆಕಾಶ್ ಟ್ಯಾಬ್ಲೆಟ್ ಬಿಡುಗಡೆಯಾದಾಗ ಬಡ ಮಕ್ಕಳ ಕೈಗೆ ಕಂಪ್ಯೂಟರ್ ಬಂತು ಅಂತ ನಾವೆಲ್ಲ ಸಂಭ್ರಮಪಟ್ಟಿದ್ದೆವು. ಅದರಲ್ಲಿದ್ದದ್ದು ಆಂಡ್ರಾಯ್ಡ್ 2.2. ಟಾಕ್‌ಬ್ಯಾಕ್ 2009ರಲ್ಲೇ ಹುಟ್ಟಿತ್ತು. ಪುಣೆಯಲ್ಲಿ ಬೆಳೆದ, ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡ ಟಿ. ವಿ. ರಾಮನ್ ಗೂಗಲ್‌ನಲ್ಲಿ ಅಂಥ ಕೆಲಸಕ್ಕೆ ದುಡಿದವರಲ್ಲಿ ಒಬ್ಬರು. ಆದರೆ ಆಗಿನ ಟಾಕ್‌ಬ್ಯಾಕ್ ಬಟನ್ ಇರುವ ಫೋನಿಗೆ ಆಗುತ್ತಿತ್ತು. ಬರೀ ಗಾಜಿನ ಮೇಲೆ ಬೆರಳಾಡಿಸಿದರೆ ಅಲ್ಲೇನಿದೆ ಅಂತ ಹೇಳುವ ಗುಣ ಬಂದದ್ದು ಆಂಡ್ರಾಯ್ಡ್ 4.0ರಲ್ಲಿ. ಅದನ್ನು ಜಗತ್ತಿಗೆ ತೋರಿಸಿದ್ದು ಅದೇ ಅಕ್ಟೋಬರಿನಲ್ಲಿ, ಆಕಾಶ್ ಬಂದ ಎರಡು ವಾರಕ್ಕೆ. ಅಂದರೆ ನಮ್ಮ ಆಕಾಶ್ ಕುರುಡು ಮಗುವಿನ ಕೈಯಲ್ಲಿ ಸ್ಲೇಟಿನಷ್ಟೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಗ ಆ ಗುಣವೇ ಇರಲಿಲ್ಲ, ಸರಿ. ಈಗ ಎಲ್ಲವೂ ಇದೆ, ಬಿಟ್ಟಿಯಾಗಿಯೇ ಇದೆ. ಆದರೂ ಡಬ್ಬಿಯಲ್ಲಿ ಹಾಕುವುದಿಲ್ಲ ಅನ್ನುವುದು ನನಗೆ ಸಹಿಸಲಾಗದ ಮಾತು.

ಟ್ಯಾಬ್ ಮಾತಾಡಿತು. ಆದರೆ ತಡವಾಗಿ. ಬೆರಳು ಗಡಿಯಾರದ ಚಿತ್ರದ ಮೇಲಿದ್ದರೆ ದನಿ ಇನ್ನೂ ಹಿಂದಿನ "ಕ್ಯಾಮೆರಾ" ಅನ್ನುತ್ತಿರುತ್ತದೆ. ಅವಳು ಕ್ಯಾಮೆರಾ ಅಂದುಕೊಂಡು ಎರಡು ಸಲ ತಟ್ಟುತ್ತಾಳೆ, ಗಡಿಯಾರ ತೆರೆಯುತ್ತದೆ. ಕಣ್ಣಿದ್ದವರಿಗೆ ನಿಧಾನದ ಟ್ಯಾಬ್ ಅಂದರೆ ಬೇಜಾರು, ಅಷ್ಟೇ. ಅವಳಿಗೆ ನಿಧಾನದ ಟ್ಯಾಬ್ ಅಂದರೆ ಸುಳ್ಳು ಹೇಳುವ ಟ್ಯಾಬ್.

ಗೂಗಲ್‌ನ ಕನ್ನಡ ದನಿ ಕೇಳಲು ಹಿತ, ಆದರೆ 2 ಜಿಬಿ ರ‍್ಯಾಮಿಗೆ ಅದು ಭಾರ. ಇಸ್ಪೀಕ್ ಅಂತ ಇನ್ನೊಂದು ದನಿ ಇದೆ, ಪುಟ್ಟದು, ಬಿಟ್ಟಿ, ಕನ್ನಡವೂ ಬರುತ್ತೆ. ಯಂತ್ರ ಮಾತಾಡಿದ ಹಾಗೇ ಕೇಳುತ್ತದೆ. ಆದರೆ ಬೆರಳು ಇಟ್ಟ ಕೂಡಲೇ ಉತ್ತರ. ಅವ್ವನಿಗೆ ಆ ದನಿ ಹಿಡಿಸಲಿಲ್ಲ, "ದೆವ್ವ ಮಾತಾಡಿದಂಗ ಮಾತಾಡ್ತೈತಿ" ಅಂದರು. ಹುಡುಗಿ ಎರಡನ್ನೂ ಕೇಳಿ ಇಸ್ಪೀಕ್ ಆರಿಸಿಕೊಂಡಳು. ಪಾಠ ಕೇಳುವಾಗ ಮಾತ್ರ ಗೂಗಲ್ ದನಿಗೆ ಬದಲಿಸಿಕೊಳ್ಳುತ್ತಾಳೆ. ಆಟ, ಸುದ್ದಿ ಎಲ್ಲ ತೆಗೆದೆವು. ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಪರದೆಯ ಅನಿಮೇಶನ್ ನಿಲ್ಲಿಸಿದೆ. ಲಾಕ್ ಪರದೆಯಲ್ಲಿ ದಿನಕ್ಕೊಂದು ಚಿತ್ರ, ಸುದ್ದಿ ತೋರಿಸುವ ಒಂದು ಕಾಟ ಇತ್ತು, ಟಾಕ್‌ಬ್ಯಾಕ್ ಮೊದಲು ಅದನ್ನೇ ಓದಲು ಹೋಗುತ್ತಿತ್ತು. ಅದನ್ನೂ ಮುಚ್ಚಿಸಿದೆವು.

ಆಮೇಲೆ ಗೊತ್ತಾದದ್ದು ಗಾಜಿನ ವಿಷಯ. ಟಾಕ್‌ಬ್ಯಾಕ್‌ನ ಮೆನು ತೆರೆಯಲು ಮೂರು ಬೆರಳಿನಿಂದ ಒಮ್ಮೆ ತಟ್ಟಬೇಕು ಅಂತ ಹೇಳಿಕೊಟ್ಟಿದ್ದೆ. ಅವಳು ತಟ್ಟುತ್ತಾಳೆ, ಏನೂ ಆಗುವುದಿಲ್ಲ. ನಾನು ತಟ್ಟಿದೆ, ನನಗೂ ಆಗಲಿಲ್ಲ. ಡೆವಲಪರ್ ಆಪ್ಷನ್ಸ್‌ನಲ್ಲಿ ಬೆರಳಿನ ಜಾಗ ತೋರಿಸುವ ಒಂದು ಸ್ವಿಚ್ ಇದೆ. ಅದನ್ನು ಹಾಕಿ ಐದೂ ಬೆರಳು ಇಟ್ಟೆ. ಮೇಲಿನ ಪಟ್ಟಿಯಲ್ಲಿ ಲೆಕ್ಕ ಎರಡಕ್ಕೇ ನಿಂತಿತು. ಆ ಗಾಜಿಗೆ ಒಂದೇ ಹೊತ್ತಿಗೆ ಎರಡು ಬೆರಳಿಗಿಂತ ಜಾಸ್ತಿ ಗೊತ್ತೇ ಆಗುತ್ತಿರಲಿಲ್ಲ! ದುಡ್ಡು ಉಳಿಸಲು ಅಂಥ ಗಾಜು ಹಾಕಿದ್ದರು. ಮೆನುವಿಗೆ ಬೇರೆ ದಾರಿ ಇದೆ, ಒಂದೇ ಬೆರಳನ್ನು ಕೆಳಕ್ಕೆಳೆದು ಹಾಗೇ ಬಲಕ್ಕೆ ತಿರುಗಿಸಿದರೂ ತೆರೆಯುತ್ತದೆ. ಅದನ್ನು ಕಲಿತಳು. ಆದರೆ 2020ರಲ್ಲಿ ಟಾಕ್‌ಬ್ಯಾಕ್‌ಗೆ ಬಂದ ಬ್ರೈಲ್ ಕೀಬೋರ್ಡ್ ಈ ಟ್ಯಾಬ್‌ನಲ್ಲಿ ಎಂದೂ ಆಗುವುದಿಲ್ಲ, ಅದಕ್ಕೆ ಆರು ಬೆರಳು ಬೇಕು. ಮುಂದೆ ಅವಳು ಬ್ರೈಲ್ ಕಲಿತರೂ ಈ ಗಾಜಿನ ಮೇಲೆ ಬರೆಯಲಾಗದು. ಇದು ಯಾವ ಅಪ್‌ಡೇಟ್‌ನಿಂದಲೂ ಸರಿಹೋಗುವ ಕೊರತೆಯಲ್ಲ. ಕೊಳ್ಳುವ ಮುಂಚೆಯೇ ನೋಡಬೇಕಾದ್ದು.

ಸಣ್ಣಪುಟ್ಟವು ಬೇಗ ಸರಿಹೋದವು. ಪವರ್ ಬಟನ್, ವಾಲ್ಯೂಮ್ ಬಟನ್ ಅಕ್ಕಪಕ್ಕ ಇದ್ದು ಗೊಂದಲವಾಗುತ್ತಿತ್ತು. ಪವರ್ ಪಕ್ಕ ನೇಲ್ ಪಾಲಿಶ್‌ನ ಎರಡು ಹನಿ ಹಾಕಿ ಒಣಗಿಸಿದಳು, ಬೆರಳಿಗೆ ಹತ್ತುವ ಗುಬುಟು ಆಯಿತು. ಟ್ಯಾಬ್ ಸ್ವಲ್ಪ ಓರೆಯಾದರೆ ಪರದೆ ತಿರುಗಿಬಿಡುತ್ತಿತ್ತು, ಅವಳು ಜಾಗ ನೆನಪಿಟ್ಟುಕೊಂಡಿದ್ದೆಲ್ಲ ಸುಳ್ಳಾಗುತ್ತಿತ್ತು. ತಿರುಗುವುದನ್ನು ನಿಲ್ಲಿಸಿದ ಮೇಲೆ ಒಂದು ವಾರದಲ್ಲಿ ಅವಳ ಬೆರಳು ನನಗಿಂತ ಚುರುಕಾಯಿತು.

ಈಗ ತಮ್ಮನ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಪ್ಪು ನನ್ನದು.

ಕಣ್ಣು ಮಂದ ಅಂದರೆ ಅಕ್ಷರ ದೊಡ್ಡದು ಮಾಡಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಅಕ್ಷರದ ಅಳತೆ ಕೊನೆಯ ತನಕ ಎಳೆದು, ಮೂರು ಸಲ ತಟ್ಟಿದರೆ ಪರದೆ ಹಿಗ್ಗುವ ಮ್ಯಾಗ್ನಿಫಿಕೇಶನ್ ಕೂಡ ಹಾಕಿ ಕೊಟ್ಟೆ. ಹುಡುಗ "ಚಲೋ ಆತ್ರಿ ಸರ್" ಅಂದ. ಮಕ್ಕಳು ಮೇಷ್ಟ್ರಿಗೆ ಹಾಗೇ ಹೇಳುತ್ತಾರೆ. ಹದಿನೈದು ದಿನ ಬಿಟ್ಟು ಹೋದಾಗ ಅವನು ಅಕ್ಷರ ಮತ್ತೆ ಸಣ್ಣದು ಮಾಡಿಕೊಂಡು, ಕೈ ಚಾಚಿ ಟ್ಯಾಬ್ ದೂರ ಹಿಡಿದು ಓದುತ್ತಿದ್ದ. ಆಗ ತಲೆಗೆ ಹೊಳೆಯಿತು. ಕೊಳವೆಯಲ್ಲಿ ನೋಡುವವನಿಗೆ ಆನೆಯಂಥ ಅಕ್ಷರ ಕೊಟ್ಟರೆ ಕೊಳವೆಯಲ್ಲಿ ಹಿಡಿಯುವುದು ಒಂದೇ ಅಕ್ಷರ. "ವಿಜಯನಗರ" ಅನ್ನುವ ಪದ ಓದಲು ಅವನು ಆರು ಸಲ ಕತ್ತು ಹೊರಳಿಸಬೇಕಿತ್ತು. ಪೊರೆ ಬಂದ ಅಜ್ಜಿಗೆ ದೊಡ್ಡ ಅಕ್ಷರ ಬೇಕು. ಆರ್‌ಪಿ ಇರುವ, ನಡುವಿನ ನೋಟ ಚೆನ್ನಾಗಿರುವ ಹುಡುಗನಿಗೆ ಬೇಕಾದ್ದು ಹದವಾದ ಅಕ್ಷರ, ದಪ್ಪ ಗೆರೆ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬರಹ. ಬಿಳಿ ಪರದೆಯ ಝಳ ಅವನ ಕಣ್ಣಿಗೆ ಚುಚ್ಚುತ್ತಿತ್ತು, ಕಪ್ಪು ಮಾಡಿದ ಮೇಲೆ ಒಂದೇ ಸಲಕ್ಕೆ ಅರ್ಧ ಗಂಟೆ ಓದತೊಡಗಿದ. ಮಂದದೃಷ್ಟಿ ಅನ್ನುವ ಒಂದೇ ಹೆಸರಿನೊಳಗೆ ಎಷ್ಟು ಬಗೆಯ ಕಣ್ಣುಗಳಿವೆ ಅಂತ ನಾನು ಮೊದಲೇ ಕೇಳಿ ತಿಳಿಯಬೇಕಿತ್ತು.

ಅವನೇ ತೋರಿಸಿದ ಇನ್ನೊಂದು ವಿಷಯ ಕನ್ನಡಕ್ಕೇ ಸಂಬಂಧಿಸಿದ್ದು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಆಪ್ ಬರೆಯುವವರು ಇಂಗ್ಲಿಷ್ ಅಳತೆಗೆ ಪಟ್ಟಿ ಹಾಕಿರುತ್ತಾರೆ. ಅಕ್ಷರ ದೊಡ್ಡದು ಮಾಡಿದಾಗ ಪಟ್ಟಿಯ ತಳ ಒತ್ತನ್ನು ಕತ್ತರಿಸಿ ಹಾಕುತ್ತದೆ. ಒಂದು ಕಲಿಕೆಯ ಆಪ್‌ನಲ್ಲಿ "ಅಕ್ಕ" ಇದ್ದದ್ದು "ಅಕ" ಆಗಿತ್ತು, "ಹತ್ತಿ" "ಹತಿ" ಆಗಿತ್ತು. "ಸರ್, ಇದ್ರಾಗ ಎಲ್ಲಾ ಒತ್ತ ಬಿಟ್ಟು ಬರ್ದಾರ" ಅಂತ ಹುಡುಗ ದೂರಿದ. ನಾನು ನನ್ನ ಫೋನಿನಲ್ಲಿ ನೋಡಿದರೆ ಒತ್ತು ಇತ್ತು. ದೊಡ್ಡ ಅಕ್ಷರ ಬೇಕಾದವರಿಗೆ ಮಾತ್ರ ಆ ಕನ್ನಡ ಒಡೆದು ಕಾಣುತ್ತಿತ್ತು. ಪರದೆಯ ಗುಣವೂ ಹಾಗೇ. ಈ ಟ್ಯಾಬ್ ನೇರ ನೋಡಿದರೆ ಸರಿ, ಸ್ವಲ್ಪ ಕೆಳಗಿನಿಂದ ನೋಡಿದರೆ ಬಣ್ಣ ಮಾಸಿಹೋಗುತ್ತದೆ. ಕಣ್ಣಿನ ನೋಟ ಹೊಂದಿಸಲು ಕತ್ತು ಓರೆ ಮಾಡುವ ಹುಡುಗನಿಗೆ ಅದು ದಿನವೂ ಕಾಡುವ ವಿಷಯ.

ಒಂದೇ ಟ್ಯಾಬ್, ಇಬ್ಬರಿಗೆ ಬೇರೆ ಬೇರೆ ಹೊಂದಿಕೆ. ಎಷ್ಟೋ ಟ್ಯಾಬ್‌ಗಳಲ್ಲಿ ಇಬ್ಬರು ಬಳಕೆದಾರರಿಗೆ ಎರಡು ಕೋಣೆ ಮಾಡಿಕೊಡುವ ವ್ಯವಸ್ಥೆ ಇರುತ್ತದೆ, ಇದರಲ್ಲಿ ಇರಲಿಲ್ಲ. ಟಾಕ್‌ಬ್ಯಾಕ್ ಹಾಕಿದ್ದರೆ ತಮ್ಮನಿಗೆ ಮುಟ್ಟಿದ್ದಕ್ಕೆಲ್ಲ ಮಾತು, ತಟ್ಟಿದರೆ ತೆರೆಯುವುದಿಲ್ಲ, ಎರಡು ಸಲ ತಟ್ಟಬೇಕು. ಅವನು ಆಫ್ ಮಾಡಿ ಹಾಗೇ ಇಟ್ಟು ಹೋಗುತ್ತಿದ್ದ. ಜಗಳ! ಕೊನೆಗೆ ಎರಡೂ ವಾಲ್ಯೂಮ್ ಬಟನ್ ಒತ್ತಿದರೆ ಟಾಕ್‌ಬ್ಯಾಕ್ ಬರುವ, ಮತ್ತೆ ಒತ್ತಿದರೆ ಹೋಗುವ ಹಾಗೆ ಮಾಡಿದೆವು. ಅಂದು ಏನೂ ಮಾಡದ ಅದೇ ಬಟನ್. ಈಗ ತಮ್ಮ ಏನೇ ಮಾಡಿಟ್ಟು ಹೋದರೂ ಅವಳು ಯಾರನ್ನೂ ಕೂಗಬೇಕಿಲ್ಲ.

ಹಾಗಂತ ನಾವು ಅಂದುಕೊಂಡಿದ್ದೆವು.

ನವೆಂಬರಿನ ಒಂದು ರಾತ್ರಿ. ಮರುದಿನ ಕಾಲೇಜಿನಲ್ಲಿ ಕಿರುಪರೀಕ್ಷೆ. ಹತ್ತು ಗಂಟೆಯ ಮೇಲೆ ಓದಲು ಕೂತಿದ್ದಾಳೆ. ಓದುತ್ತಿದ್ದ ದನಿ ವಾಕ್ಯದ ನಡುವೆ ನಿಂತಿತು. ಬಟನ್ ಒತ್ತಿದಳು. ಇಲ್ಲ. ಬೆರಳಾಡಿಸಿದಳು. ಇಲ್ಲ. ಪವರ್ ಬಟನ್ ಉದ್ದಕ್ಕೆ ಒತ್ತಿ ಆಫ್ ಮಾಡಿ ಆನ್ ಮಾಡಿದಳು, ಆಯಿತೋ ಇಲ್ಲವೋ ಗೊತ್ತಾಗಲಿಲ್ಲ. ಚಾರ್ಜ್ ಮುಗಿದಿದೆಯಾ, ಕೆಟ್ಟಿದೆಯಾ, ಏನೂ ತಿಳಿಯದು. ತಮ್ಮ ಅಜ್ಜಿಯ ಊರಿಗೆ ಹೋಗಿದ್ದ. ಅವ್ವ ಪಕ್ಕದಲ್ಲೇ ಮಲಗಿದ್ದರು.

"ಎಬ್ಬಿಸಬೇಕಿತ್ತಲ್ಲವ್ವಾ" ಅಂದೆ ಮರುದಿನ.

"ನಸುಕಿನ್ಯಾಗ ಎದ್ದು ಹೊಲಕ್ಕ ಹೋಗ್ತಾಳ್ರಿ ಆಕಿ. ಎಬ್ಬಿಸಿದ್ರೂ ಆಕೀಗೇನ ತಿಳೀತೈತಿ? ನಾ ಹಂಗ ಹಿಡ್ಕೊಂಡ ಕುಂತಿದ್ದೆ. ಕೋಳಿ ಕೂಗೂ ತನಕ."

ಕಾರಣ ಹುಡುಕಿದೆ. ಬ್ಯಾಟರಿ ಉಳಿಸಲು ಕಂಪನಿಯವರು ಹಾಕಿದ್ದ ಒಂದು ಸಾಫ್ಟ್‌ವೇರ್ ಅದು. ಹಿಂದೆ ಓಡುತ್ತಿರುವ ಆಪ್‌ಗಳನ್ನು ಚಾರ್ಜ್ ಕಮ್ಮಿಯಾದಾಗ ನಿಲ್ಲಿಸುತ್ತದೆ. ಅದರ ಲೆಕ್ಕದಲ್ಲಿ ಟಾಕ್‌ಬ್ಯಾಕ್ ಕೂಡ ಹಿಂದೆ ಓಡುವ ಒಂದು ಆಪ್. ದನಿಯ ಎಂಜಿನ್ನೂ ಅಷ್ಟೇ. ಟಾಕ್‌ಬ್ಯಾಕ್ ಸತ್ತಾಗ ವಾಲ್ಯೂಮ್ ಬಟನ್‌ನ ಜೋಡಣೆಯೂ ಅಳಿಸಿಹೋಗಿತ್ತು. ಕಣ್ಣಿದ್ದವರ ಟ್ಯಾಬ್‌ನಲ್ಲಿ ಚಾರ್ಜ್ ಉಳಿಸಲು ಪರದೆಯನ್ನೇ ಕಪ್ಪು ಮಾಡಿ, ಮತ್ತೆ ಹೊತ್ತಿಸುವ ದಾರಿಯನ್ನೂ ಮುಚ್ಚಿದರೆ ಯಾರಾದರೂ ಸುಮ್ಮನಿರುತ್ತಾರಾ?

ಆಕ್ಸೆಸಿಬಿಲಿಟಿ ಸೂಟ್, ಇಸ್ಪೀಕ್, ಗೂಗಲ್‌ನ ದನಿ, ಈ ಮೂರನ್ನೂ ಬ್ಯಾಟರಿ ನಿರ್ಬಂಧದಿಂದ ಹೊರಗಿಟ್ಟೆ. ಆ ಸಾಫ್ಟ್‌ವೇರನ್ನೇ ನಿಲ್ಲಿಸಿದೆ. ಬಟನ್ ಜೋಡಣೆ ಮತ್ತೆ ಹಾಕಿ, ಬೇಕೆಂದೇ ಚಾರ್ಜ್ ಇಳಿಸಿ ಎರಡು ಸಲ ಪರೀಕ್ಷೆ ಮಾಡಿದೆವು. ಆಮೇಲೆ ಹಾಗಾಗಿಲ್ಲ. ಆದರೆ ನನ್ನ ಲೆಕ್ಕ ಅಂದಿನಿಂದ ಬದಲಾಯಿತು. ಟ್ಯಾಬ್ ಚೆನ್ನಾಗಿದೆಯಾ ಅಂತ ನಾನು ಹಗಲಲ್ಲಿ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನೋಡಬೇಕಾದ್ದು ರಾತ್ರಿ ಹತ್ತಕ್ಕೆ, ಮನೆಯಲ್ಲಿ ಯಾರೂ ಎದ್ದಿರದಾಗ ಅದು ಹೇಗಿರುತ್ತದೆ ಅಂತ.

ಓದುವ ಪುಸ್ತಕದ್ದು ಬೇರೆಯೇ ಕಥೆ. ಟ್ಯಾಬ್ ಸರಿಹೋದ ಮೇಲೆ ಓದಲು ಏನು ಕೊಡುವುದು? ಕಾಲೇಜಿನ ಗುಂಪಿನಲ್ಲಿ ನೋಟ್ಸ್ ಪಿಡಿಎಫ್ ಬರುತ್ತಿದ್ದವು. ಕೆಲವು ಬರೀ ಫೋಟೊ, ಟಾಕ್‌ಬ್ಯಾಕ್‌ಗೆ ಅದು ಖಾಲಿ ಹಾಳೆ. ಕೆಲವು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದವು. ಅವು ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಕೀಲಿಗಳ ಕಲಸುಮೇಲೋಗರ. "ಕನ್ನಡ" ಅನ್ನುವ ಪದವನ್ನೇ ಟ್ಯಾಬ್ "ಪಿ, ಎ, ಪೌಂಡ್, ಎ" ಅಂತ ಏನೇನೋ ಓದಿ "ಕ್ಯೂ, ಎ" ಅಂತ ಮುಗಿಸಿತು. ಹುಡುಗಿ ಟ್ಯಾಬ್ ಕೆಟ್ಟಿತು ಅಂತ ಹೆದರಿದ್ದಳು. ಒಳಗೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ತೊಂದರೆಯೇ ಇಲ್ಲ. ನುಡಿಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಟ್ಟೆ. ಫೋಟೊಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬಿಡಿಸಿಕೊಡುತ್ತದೆ, ತಪ್ಪು ಇರುತ್ತದೆ. ಆ ತಪ್ಪು ತಿದ್ದುವುದು ತಮ್ಮನ ಪಾಲಿನ ಕೆಲಸವಾಯಿತು. ಅವನು ಒಂಬತ್ತರಲ್ಲೇ ಪಿಯುಸಿ ಇತಿಹಾಸ ಓದಿ ಮುಗಿಸಿದ್ದಾನೆ. ಅವಳ ಕಾಲೇಜಿನ ಒಬ್ಬ ಮೇಡಂಗೆ ವಿಷಯ ತಿಳಿಸಿದ ಮೇಲೆ ಅವರು ತಾವೇ ಯೂನಿಕೋಡ್‌ಗೆ ಬದಲಾದರು. ಅವರಿಗೆ ಹಿಡಿದದ್ದು ಒಂದು ಮಧ್ಯಾಹ್ನ.

ಮನೆಯವರು ಟ್ಯಾಬನ್ನು ಒಪ್ಪಿಕೊಂಡದ್ದು ಮಾತ್ರ ಪಾಠದಿಂದಲ್ಲ, ನೋಟಿನಿಂದ. ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟ ಮನಿ ಅನ್ನುವ ಆಪ್ ನೋಟು ತೋರಿಸಿದರೆ ಎಷ್ಟರದ್ದು ಅಂತ ಹೇಳುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ನೂರು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಿನ ಅಂಚಿಗೆ ಉಬ್ಬು ಗೆರೆಗಳಿರುತ್ತವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಆದರೆ ಸಂತೆಯಲ್ಲಿ ಕೈಬದಲಾಗಿ ಬಂದ ನೋಟಿನಲ್ಲಿ ಅವು ಸವೆದಿರುತ್ತವೆ. ಶನಿವಾರ ಅವ್ವ ಕೂಲಿ ದುಡ್ಡು ಮಗಳ ಮುಂದೆ ಇಡುತ್ತಾರೆ, ಮಗಳು ಒಂದೊಂದೇ ನೋಟು ಕ್ಯಾಮೆರಾಕ್ಕೆ ಹಿಡಿದು ಎಣಿಸುತ್ತಾಳೆ. ಈ ಟ್ಯಾಬ್‌ಗೆ ಫ್ಲ್ಯಾಶ್ ದೀಪ ಇಲ್ಲ. ಮನೆಯೊಳಗೆ ಮಬ್ಬು ಇದ್ದರೆ ಆಪ್ ಸುಮ್ಮನಿರುತ್ತದೆ, ಮಬ್ಬಿದೆ ಅಂತ ಅವಳಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಣಿಕೆ ಬಾಗಿಲ ಹೊಸ್ತಿಲ ಮೇಲೆ, ಹೊತ್ತು ಮುಳುಗುವ ಮುಂಚೆ.

ಮಾರ್ಚಿನ ಪರೀಕ್ಷೆಯನ್ನು ಸಹಾಯಕ ಬರಹಗಾರ್ತಿಯ ಜೊತೆ ಬರೆದು ಪಾಸಾದಳು. ಇತಿಹಾಸದಲ್ಲಿ 81.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಮನೆಯವರು, ಯಲಬುರ್ಗಾ ಕಡೆಯವರು, ಮಗನಿಗೆ ಟ್ಯಾಬ್ ಕೊಡಿಸಬೇಕು ಅಂತ ಬಂದರು. ಈ ಸಲ ಅಂಗಡಿಗೆ ನಾನೂ ಹೋದೆ, ಹುಡುಗನನ್ನೂ ಕರೆದುಕೊಂಡು ಹೋದೆ. "ಸೀಲ್ ಒಡದ್ರ ವಾಪಸ್ ತಗೊಳ್ಳಂಗಿಲ್ರಿ" ಅಂದರು. ಪ್ರದರ್ಶನಕ್ಕೆ ಇಟ್ಟದ್ದನ್ನೇ ಕೊಡಿ ಅಂದೆ. ಹುಡುಗ ತಾನೇ ಎರಡು ಬಟನ್ ಒತ್ತಿ ಹಿಡಿದ. ಮೊದಲ ಟ್ಯಾಬ್ ಸುಮ್ಮನಿತ್ತು. ಎರಡನೆಯದು ಮಾತಾಡಿತು, ಆದರೆ ಮೂರು ಬೆರಳಿಗೆ ಓಗೊಡಲಿಲ್ಲ. ಮೂರನೆಯದು ಎರಡಕ್ಕೂ ಸರಿ ಬಂತು, ಬೆಲೆ ಒಂದು ಸಾವಿರ ಜಾಸ್ತಿ. ಆ ಸಾವಿರ ಹೆಚ್ಚು ಕೊಡಿ ಅಂತ ನಾನು ಧೈರ್ಯವಾಗಿ ಹೇಳಿದೆ. ಇಡೀ ಪರೀಕ್ಷೆಗೆ ಹತ್ತು ನಿಮಿಷ ಹಿಡಿಯಲಿಲ್ಲ. ಅಂಗಡಿಯ ಹುಡುಗ ಪಕ್ಕದಲ್ಲಿ ನಿಂತು ಎಲ್ಲ ನೋಡಿ, ಅವತ್ತೇ ತನ್ನ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಕಲಿತ.

ಕಾನೂನಿನಲ್ಲಿ ಮಾತು ಇಲ್ಲದಿಲ್ಲ. 2016ರ ಕಾಯ್ದೆಯ 42ನೇ ಕಲಮು ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರಿಗೂ ಬಳಸಲು ಬರುವ ವಿನ್ಯಾಸದಲ್ಲಿ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ. ಅದಕ್ಕೊಂದು ಭಾರತೀಯ ಮಾನಕವೂ ಇದೆ, ಐಎಸ್ 17802, ಮೊದಲ ಭಾಗ 2021ರಲ್ಲಿ, ಎರಡನೆಯದು 2022ರಲ್ಲಿ ಬಂತು. ಒಳಗೆ ಟಾಕ್‌ಬ್ಯಾಕ್ ಇದೆ, ಗಾಜು ಇಷ್ಟು ಬೆರಳು ಗುರುತಿಸುತ್ತದೆ ಅಂತ ಡಬ್ಬಿಯ ಮೇಲೆ ಎರಡು ಸಾಲು ಅಚ್ಚು ಹಾಕಿಸುವುದು ಎಷ್ಟರ ಖರ್ಚು? ಶಾಲೆ, ಪಂಚಾಯಿತಿ, ದಾನಿಗಳು ನೂರುಗಟ್ಟಲೆ ಟ್ಯಾಬ್ ಕೊಳ್ಳುವಾಗಲಾದರೂ ಈ ಎರಡು ಸಾಲನ್ನು ಕೇಳಲೇಬೇಕು ಅಂತ ನನ್ನ ಒತ್ತಾಯ.

ಮೊನ್ನೆ ಮೇ ತಿಂಗಳಲ್ಲಿ ಆ ಮನೆಗೆ ಹೋಗಿದ್ದೆ. ಟ್ಯಾಬ್‌ನ ಚಾರ್ಜಿಂಗ್ ಜಾಗ ಸಡಿಲಾಗಿದೆ, ವೈರನ್ನು ಒಂದು ಕೋನದಲ್ಲಿ ಹಿಡಿದರೆ ಮಾತ್ರ ಹತ್ತುತ್ತದೆ. ಅಕ್ಕ ಬಿಎಗೆ ಅರ್ಜಿ ತಾನೇ ತುಂಬಿದ್ದಳು. ಅರ್ಜಿಯ ಆಪ್‌ನಲ್ಲಿ ಹೆಸರಿಲ್ಲದ ಒಂದು ಬಟನ್ ಇತ್ತಂತೆ. ಟಾಕ್‌ಬ್ಯಾಕ್‌ನಲ್ಲಿ ಅಂಥ ಬಟನ್‌ಗೆ ನಾವೇ ಹೆಸರು ಕೊಡಬಹುದು. "ಮುಂದಕ್ಕೆ" ಅಂತ ಇಟ್ಟಿದ್ದಾಳೆ.

ಸಂಜೆ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ತಮ್ಮನ ನೋಟ ಹೋದ ವರ್ಷಕ್ಕಿಂತ ಕುಗ್ಗಿದೆ ಅಂತ ಬಳ್ಳಾರಿಯ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಟ್ಯಾಬ್ ಅವನ ತೊಡೆಯ ಮೇಲಿತ್ತು, ಟಾಕ್‌ಬ್ಯಾಕ್ ಹಾಕಿತ್ತು. ಅಕ್ಕ ಒಂದು ಕೈಯಿಂದ ಅವನ ಕಣ್ಣು ಮುಚ್ಚಿ ಹಿಡಿದಿದ್ದಳು.

"ಬಲಕ್ಕ ಎಳಿ. ಕೇಳು ಮೊದ್ಲ. ಅವಸರ ಮಾಡಬ್ಯಾಡ ತಮ್ಮಾ."

ಬಾಣದ ಹಾಗೆ ಬೆರಳೆಳೆದು ಮುಂದಿನದಕ್ಕೆ ಹೋಗುವುದು, ಎರಡು ಸಲ ತಟ್ಟಿ ತೆರೆಯುವುದು ಅವನಿಗೆ ಬಂದಿದೆ. ಪಿನ್ ಹೊಡೆಯುವಾಗ ಮಾತ್ರ ಅವಳ ಬೆರಳ ಸಂದಿಯಿಂದ ಇಣುಕುತ್ತಾನೆ. ಅವಳಿಗೆ ಅದು ಹೇಗೆ ಗೊತ್ತಾಗುತ್ತದೋ, ಕೈ ಇನ್ನಷ್ಟು ಬಿಗಿ ಮಾಡುತ್ತಾಳೆ.